ಬೇರೆಯವರ ದಾವೆಯಲ್ಲಿ ನಿಮ್ಮ ನಿವೇಶನ: ಮೂರನೆಯವರಾಗಿ ಕೋರ್ಟಿಗೆ ಸೇರುವ ಸಮಗ್ರ ಮಾರ್ಗದರ್ಶಿ

ಯಲಹಂಕದ ಕಡೆಯೋ ಕೆಂಗೇರಿಯ ಕಡೆಯೋ ನಿವೇಶನ ಕೊಂಡು ಮನೆ ಕಟ್ಟಿಸಿ ಹತ್ತು ವರ್ಷ ಕಳೆದ ಮೇಲೆ ಒಂದು ಸುದ್ದಿ ಬರುತ್ತದೆ. ಜಮೀನು ಮಾರಿದವರ ಮನೆಯಲ್ಲಿ ಪಾಲಿನ ದಾವೆ ನಡೆಯುತ್ತಿದೆ, ಷೆಡ್ಯೂಲಿನಲ್ಲಿ (ದಾವೆಯ ಆಸ್ತಿಗಳ ಪಟ್ಟಿಯಲ್ಲಿ) ಆ ಸರ್ವೆ ನಂಬರೂ ಇದೆ. ವಾದಿ, ಪ್ರತಿವಾದಿಗಳ ಪಟ್ಟಿಯಲ್ಲಿ ಮಾತ್ರ ನಿಮ್ಮ ಹೆಸರಿಲ್ಲ. ಗಾಬರಿಯಲ್ಲಿ ವಕೀಲರನ್ನು ಹಿಡಿದು "ನಮ್ಮನ್ನೂ ಸೇರಿಸಿಕೊಳ್ಳಿ" ಎಂದು ಅರ್ಜಿ ಹಾಕಿಸುತ್ತೀರಿ. ಆರೆಂಟು ತಿಂಗಳ ಮೇಲೆ ಅದು ವಜಾ ಆಗುತ್ತದೆ.

ಹೆಚ್ಚಿನ ಅರ್ಜಿಗಳು ಬೀಳುವುದು ಒಂದೇ ತಪ್ಪಿನಿಂದ. ಅರ್ಜಿದಾರರು ತಮಗಾಗುವ ನಷ್ಟವನ್ನು ಪುಟಗಟ್ಟಲೆ ಬರೆದಿರುತ್ತಾರೆ. ಕೋರ್ಟು ನೋಡುವುದೇ ಬೇರೆ: ನೀವಿಲ್ಲದೆ ಈ ದಾವೆಯನ್ನು ಪೂರ್ತಿಯಾಗಿ, ಪರಿಣಾಮಕಾರಿಯಾಗಿ ತೀರ್ಮಾನಿಸಲು ಆಗುತ್ತದೆಯೋ ಇಲ್ಲವೋ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10(2)ರ ತಿರುಳು ಇಷ್ಟೇ. ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಗೆ ಉತ್ತರ ಸಿದ್ಧಪಡಿಸುವ ಕೆಲಸ. ಹಂತಗಳ ಕ್ರಮ ತಪ್ಪಿಸಬೇಡಿ. ಮೊದಲ ಎರಡನ್ನು ಬಿಟ್ಟು ನೇರವಾಗಿ ಅರ್ಜಿ ಬರೆಸಲು ಕೂತವರೇ ಹೆಚ್ಚಾಗಿ ಸೋಲುವುದು.

ಹಂತ 1: ದಾವೆಯನ್ನು ಹುಡುಕಿ, ಅದು ಎಲ್ಲಿಗೆ ಬಂದಿದೆ ನೋಡಿ

ಬೇಕಾಗುವ ಸಾಮಾನು: ಒಂದು ಫೋನು, ಜಮೀನಿನ ಸರ್ವೆ ನಂಬರು, ಮಾರಿದವರ ಕುಟುಂಬದ ಹೆಸರುಗಳು.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅಥವಾ ಜಾಲತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿ. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ಕಾಗುಣಿತ ಬರೆದವರ ಇಷ್ಟ. ಮುನಿಯಪ್ಪ, ಮುನಿಸ್ವಾಮಪ್ಪ, ಚಿಕ್ಕವೆಂಕಟಪ್ಪ ಇಂಥ ಹೆಸರುಗಳಿಗೆ ನಾಲ್ಕೈದು ಬಗೆಯ ಕಾಗುಣಿತ ಪ್ರಯತ್ನಿಸದೆ "ದಾವೆ ಇಲ್ಲ" ಎಂದುಕೊಳ್ಳಬೇಡಿ. ಸಿಕ್ಕಿದ ಕೂಡಲೇ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಮುಂದಿನ ದಿನಾಂಕ, ಹಿಂದಿನ ಆದೇಶಗಳು ಎಲ್ಲ ಅದರಿಂದಲೇ ತೆರೆದುಕೊಳ್ಳುತ್ತವೆ.

ಎಲ್ಲಿ ಹುಡುಕುತ್ತೀರಿ ಎಂಬುದೂ ಮುಖ್ಯ. ಬೆಂಗಳೂರು ನಗರದ ದಾವೆಗಳು ಸಿಟಿ ಸಿವಿಲ್ ಕೋರ್ಟಿನಲ್ಲಿರುತ್ತವೆ. ಅದರ ಕೋರ್ಟ್ ಹಾಲುಗಳು ಕೆ.ಜಿ. ರಸ್ತೆಯ ಸಂಕೀರ್ಣದಲ್ಲೂ ಇವೆ, ಮೇಯೋ ಹಾಲಿನಲ್ಲೂ ಇವೆ. ಆನೇಕಲ್, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಜಮೀನಾದರೆ ತಾಲ್ಲೂಕು ಕೋರ್ಟು, ಬೆಂಗಳೂರು ಗ್ರಾಮಾಂತರ ಕೋರ್ಟುಗಳನ್ನೂ ಜಾಲಾಡಬೇಕು. ನಿಮ್ಮ ಬಡಾವಣೆಗೆ ಬೆಂಗಳೂರಿನ ಪಿನ್‌ಕೋಡ್ ಇದೆ ಎಂದಮಾತ್ರಕ್ಕೆ ದಾವೆಯೂ ನಗರದಲ್ಲೇ ಇರಬೇಕೆಂದಿಲ್ಲ.

ಇಲ್ಲೇ ಒಂದು ದೊಡ್ಡ ತಪ್ಪು ನಡೆಯುತ್ತದೆ. "ಇ.ಸಿ. ತೆಗೆಸಿದ್ದೇವೆ, ಏನೂ ಇರಲಿಲ್ಲ" ಎನ್ನುವವರು ಬಹಳ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು. ಮಹಾರಾಷ್ಟ್ರ, ಗುಜರಾತಿನಲ್ಲಿ ಬಾಕಿ ಇರುವ ದಾವೆಯ ನೋಟಿಸನ್ನೂ ನೋಂದಾಯಿಸಬೇಕೆಂಬ ತಿದ್ದುಪಡಿ ಇದೆ; ನಮ್ಮಲ್ಲಿ ಇಲ್ಲ. ಹಾಗಾಗಿ ಇ.ಸಿ. ಶುಭ್ರವಾಗಿದ್ದೂ ದಾವೆ ಇರಬಹುದು. ಕಾವೇರಿ ಆನ್‌ಲೈನ್‌ನಲ್ಲಿ ಸಿಗುವ ಇ.ಸಿ. 2004ರ ಏಪ್ರಿಲ್ 1ರಿಂದ ಈಚಿನದು. ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು.

ದಾವೆ ಸಿಕ್ಕ ಮೇಲೆ ಮೂರು ವಿಷಯ ಗುರುತು ಹಾಕಿಕೊಳ್ಳಿ: ವಾದಪತ್ರ ಸಲ್ಲಿಸಿದ ದಿನ, ಈಗಿನ ಹಂತ (ಸಮನ್ಸ್, ವಿವಾದಾಂಶ, ಸಾಕ್ಷ್ಯ, ವಾದ, ತೀರ್ಪು), ಮುಂದಿನ ದಿನಾಂಕ. ಆದೇಶಪಟ್ಟಿಯಲ್ಲಿ "ರಾಜಿ ಅರ್ಜಿಗಾಗಿ", "ಲೋಕ ಅದಾಲತ್‌ಗೆ" ಎಂದು ಕಂಡರೆ ಅದು ಕೆಂಪು ದೀಪ. ವಾದಿ, ಪ್ರತಿವಾದಿ ಇಬ್ಬರೂ ಒಳಗೊಳಗೇ ಕೈ ಜೋಡಿಸಿ ನಿಮ್ಮ ನಿವೇಶನವನ್ನು ಹಂಚಿಕೊಂಡು ಡಿಕ್ರಿ ಮಾಡಿಸಿಕೊಳ್ಳುವ ದಾರಿ ಅದೇ. ಆಗ ಮುಂದಿನ ದಿನಾಂಕಕ್ಕೆ ಮುಂಚೆ ಅರ್ಜಿ ಬೀಳಬೇಕು.

ಹಂತ 2: ಎರಡು ದಿನಾಂಕ ಹೋಲಿಸಿ, ಸರಿಯಾದ ಬಾಗಿಲು ಆರಿಸಿ

ಒಂದು ಕಡೆ ದಾವೆ ಹೂಡಿದ ದಿನ ಬರೆಯಿರಿ, ಇನ್ನೊಂದು ಕಡೆ ನಿಮ್ಮ ಕ್ರಯಪತ್ರಕ್ಕೆ ಸಹಿಯಾದ ದಿನ. ನೋಂದಾಯಿತ ಪತ್ರ ಜಾರಿಗೆ ಬರುವುದು ಸಹಿಯಾದ ದಿನದಿಂದ, ನೋಂದಣಿ ಸಂಖ್ಯೆ ಬಿದ್ದ ದಿನದಿಂದಲ್ಲ. ಎರಡರ ನಡುವೆ ಅಂತರವಿದ್ದರೆ ಇದು ಕೆಲಸಕ್ಕೆ ಬರುತ್ತದೆ.

ನೀವು ದಾವೆಗೆ ಮುಂಚೆ ಕೊಂಡಿದ್ದು ದಾವೆ ಇನ್ನೂ ಬಾಕಿ ಇದ್ದರೆ ಆದೇಶ 1, ನಿಯಮ 10(2).

ದಾವೆ ನಡೆಯುತ್ತಿರುವಾಗ, ಅದರ ಪಕ್ಷಗಾರನಿಂದಲೇ ಕೊಂಡಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52 ನಿಮಗೆ ತಗುಲುತ್ತದೆ. ಕೊಂಡದ್ದು ಅಸಿಂಧುವಾಗುವುದಿಲ್ಲ, ಆದರೆ ನಿಮಗೆ ಮಾರಿದವನು ಸೋತರೆ ನೀವೂ ಸೋತಂತೆ. "ದಾವೆ ಇರುವುದು ನನಗೆ ಗೊತ್ತಿರಲಿಲ್ಲ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಬಾಕಿಯ ಅವಧಿ ವಾದಪತ್ರ ಸಲ್ಲಿಸಿದ ದಿನ ಶುರುವಾಗಿ ಡಿಕ್ರಿ ಪೂರ್ತಿ ಜಾರಿಯಾಗುವ ತನಕ ಇರುತ್ತದೆ. ಅಂದರೆ ತೀರ್ಪಾದ ಮೇಲೆ, ಜಾರಿಗೆ ಮುಂಚೆ ಕೊಂಡವರೂ ಇದೇ ಬಲೆಯಲ್ಲಿದ್ದಾರೆ. ದಾವೆ ನಡೆಯುತ್ತಿರುವಾಗಲೇ ಕೊಂಡವರಿಗೆ ಆದೇಶ 22, ನಿಯಮ 10ರಲ್ಲಿ ಕೋರ್ಟಿನ ಅನುಮತಿ ಕೇಳುವ ದಾರಿ ಇದೆ. ಇಂಥ ಕೊಳ್ಳುಗರನ್ನು ಸೇರಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ ಥಾಮ್ಸನ್ ಪ್ರೆಸ್ ಪ್ರಕರಣದಲ್ಲಿ (2013) ಹೇಳಿದೆ. ಅರ್ಜಿಯಲ್ಲಿ ಎರಡೂ ನಿಯಮಗಳನ್ನು ನಮೂದಿಸುವುದು ರೂಢಿ.

ಡಿಕ್ರಿ ಆಗಿಹೋಗಿದ್ದರೆ ಸೇರ್ಪಡೆ ಅರ್ಜಿ ಹಾಕಬೇಡಿ. ಸೇರಲು ದಾವೆಯೇ ಉಳಿದಿರುವುದಿಲ್ಲ. ಜಾರಿ ಕೋರ್ಟಿನ ಬಾಗಿಲು ಬೇರೆ (ಹಂತ 8). ಪಾಲಿನ ದಾವೆ ಮಾತ್ರ ಇದಕ್ಕೆ ಹೊರತು. ಅಲ್ಲಿ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂಬ ತೀರ್ಮಾನ) ಆಗಿದ್ದರೂ ಅಂತಿಮ ಡಿಕ್ರಿ ಆಗುವ ತನಕ ದಾವೆ ಬಾಕಿ ಇದ್ದಂತೆಯೇ, ಎಫ್‌ಡಿಪಿಯಲ್ಲಿ (ಅಂತಿಮ ಡಿಕ್ರಿಯ ನಡಾವಳಿಯಲ್ಲಿ) ಸೇರಲು ಅವಕಾಶವಿದೆ.

ದಾವೆ ಇನ್ನೂ ಬಿದ್ದಿಲ್ಲ, ಬೀಳುವ ಸುಳಿವಿದೆ ಎಂದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 148-ಎ ಪ್ರಕಾರ ಕೇವಿಯಟ್ ಹಾಕಬಹುದು. ಎದುರಿನವರಿಗೆ ನೋಂದಾಯಿತ ಅಂಚೆಯಲ್ಲಿ ಅದರ ನೋಟಿಸು ಹೋಗಬೇಕು. ಆಯುಸ್ಸು 90 ದಿನ. ಆಮೇಲೆ ಹೊಸದಾಗಿ ಹಾಕಬೇಕು. ಕೇವಿಯಟ್ ಹಾಕಿದವರು ಅದರಿಂದಲೇ ಪಕ್ಷಗಾರರಾಗುವುದಿಲ್ಲ, ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ.

ಹಂತ 3: ನೀವು ಅವಶ್ಯ ಪಕ್ಷಗಾರರೋ, ಸೂಕ್ತ ಪಕ್ಷಗಾರರೋ, ಎರಡೂ ಅಲ್ಲವೋ

ಅವಶ್ಯ ಪಕ್ಷಗಾರ ಇಲ್ಲದಿದ್ದರೆ ಡಿಕ್ರಿಯನ್ನೇ ಮಾಡಲಾಗದು. ಸೂಕ್ತ ಪಕ್ಷಗಾರ ಇಲ್ಲದಿದ್ದರೂ ಡಿಕ್ರಿ ಮಾಡಬಹುದು, ಆದರೆ ವಿವಾದ ಪೂರ್ತಿ ಬಗೆಹರಿಯುವುದಿಲ್ಲ. ಎರಡರಲ್ಲಿ ಒಂದಾಗಿದ್ದರೆ ಸಾಕು. ಯಾರ ಮೇಲೆ ದಾವೆ ಹೂಡಬೇಕೆಂಬುದು ವಾದಿಯ ಹಕ್ಕು. ಅವನಿಗೆ ಬೇಡವಾದವರನ್ನು ಅವನ ತಲೆಗೆ ಕಟ್ಟಲು ಕೋರ್ಟುಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯನ್ನು ಮೀರಿಸುವ ಕಾರಣ ದಾವೆಯ ಬಗೆಯ ಮೇಲೆ ನಿಂತಿದೆ.

ಪಾಲಿನ ದಾವೆ. ಪಾಲುದಾರರೆಲ್ಲ ಅವಶ್ಯರು. ಹೆಣ್ಣುಮಗಳೊಬ್ಬಳನ್ನು ಬಿಟ್ಟು ಅಣ್ಣತಮ್ಮಂದಿರಷ್ಟೇ ಪಾಲು ಕೇಳಿದ್ದರೆ ಆಕೆ ನಿಶ್ಚಿಂತೆಯಿಂದ ಅರ್ಜಿ ಹಾಕಬಹುದು. ನಿವೇಶನ ಕೊಂಡವರು ಸಾಮಾನ್ಯವಾಗಿ ಸೂಕ್ತ ಪಕ್ಷಗಾರರು. ಅವರ ನಿಜವಾದ ಲಾಭ ಅಂತಿಮ ಹಂಚಿಕೆಯಲ್ಲಿದೆ: ಮಾರಿದವನಿಗೂ ಒಂದು ಪಾಲು ಬರುತ್ತದಲ್ಲ, ನಿಮ್ಮ ನಿವೇಶನವನ್ನು ಆ ಪಾಲಿಗೇ ಹಾಕಿ ಎಂದು ಕೇಳಬಹುದು. ಉಳಿದವರಿಗೆ ಅನ್ಯಾಯವಾಗದಿದ್ದರೆ ಕೋರ್ಟು ಒಪ್ಪುತ್ತದೆ. ಈ ಒಂದು ಸಾಲು ಅಫಿಡವಿಟ್‌ನಲ್ಲಿ ಇಲ್ಲದ ಅರ್ಜಿಗಳು ಎಷ್ಟೋ. ಇನ್ನೊಂದು ವಿಷಯ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಕೊಟ್ಟ ಹಕ್ಕು 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ಮಾರಾಟಗಳನ್ನು ಅಲುಗಿಸುವುದಿಲ್ಲ. ನಿಮ್ಮ ಅಥವಾ ನಿಮ್ಮ ಹಿಂದಿನವರ ಕ್ರಯ ಅದಕ್ಕಿಂತ ಹಳೆಯದಾಗಿದ್ದರೆ ಮೊದಲ ಪುಟದಲ್ಲೇ ಹೇಳಿ.

ಕರಾರು ಜಾರಿಯ ದಾವೆ. ಒಬ್ಬ ಕ್ರಯದ ಕರಾರು ಹಿಡಿದುಕೊಂಡು ಮಾಲೀಕನ ಮೇಲೆ ದಾವೆ ಹೂಡಿದ್ದಾನೆ, ಅಷ್ಟರೊಳಗೆ ಆ ಮಾಲೀಕ ನಿಮಗೆ ಮಾರಿದ್ದಾನೆ. ಆಗ ನೀವು ಅವಶ್ಯರು, ಏಕೆಂದರೆ ಕೊನೆಗೆ ಕ್ರಯಪತ್ರಕ್ಕೆ ನೀವೂ ಸಹಿ ಹಾಕಬೇಕಾಗುತ್ತದೆ. ಆದರೆ "ಆ ಮಾಲೀಕನಿಗೆ ಹಕ್ಕೇ ಇಲ್ಲ, ಆಸ್ತಿ ನನ್ನದು" ಎಂದು ಬರುವವರಿಗೆ ಇಲ್ಲಿ ಜಾಗವಿಲ್ಲ. ಕಸ್ತೂರಿ ವಿರುದ್ಧ ಅಯ್ಯಂಪೆರುಮಾಳ್ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿ ಹೇಳಿದೆ: ಕರಾರಿನ ದಾವೆಯನ್ನು ಹಕ್ಕಿನ ದಾವೆಯಾಗಿ ತಿರುಗಿಸುವಂತಿಲ್ಲ. ನೀವು ಈ ಗುಂಪಿನವರಾದರೆ ಒಂದು ವರ್ಷ ಹಾಳು ಮಾಡದೆ ಪ್ರತ್ಯೇಕವಾಗಿ ಹಕ್ಕು ಘೋಷಣೆಯ ದಾವೆ ಹೂಡಿ.

ಬರೀ ಇಂಜಂಕ್ಷನ್ (ತಡೆಯಾಜ್ಞೆ) ದಾವೆ. ಅತಿ ಹೆಚ್ಚು ಅರ್ಜಿ ವಜಾ ಆಗುವುದು ಇಲ್ಲೇ. ವಾದಿ ನಿಮ್ಮ ಮೇಲೆ ಏನೂ ಕೇಳಿಲ್ಲ, ಆ ಆಜ್ಞೆ ನಿಮ್ಮನ್ನು ಕಟ್ಟುವುದೂ ಇಲ್ಲ. ವಾದಿ ತನ್ನದೆಂದು ತೋರಿಸಿದ ಚಕ್ಕುಬಂದಿಯೊಳಗೇ ನಿಮ್ಮ ಸ್ವಾಧೀನವಿದೆ ಎಂದು ದಾಖಲೆಯಿಂದ ತೋರಿಸಿದರೆ ಮಾತ್ರ ಅವಕಾಶ.

ಸ್ವಾಧೀನ ಕೊಡಿಸುವ ದಾವೆ. ಇಲ್ಲಿ ನಿಮ್ಮ ಕೈಗೆ ಒಳ್ಳೆಯ ಆಯುಧವಿದೆ, ಅದೂ ಬೆಂಗಳೂರಿನದೇ ಆಸ್ತಿಯ ಜಗಳದಿಂದ ಹುಟ್ಟಿದ್ದು. ರಾಹುಲ್ ಎಸ್. ಶಾ ಪ್ರಕರಣದಲ್ಲಿ 2021ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಹೇಳಿತು: ಸ್ವಾಧೀನದ ದಾವೆಗಳಲ್ಲಿ ಆರಂಭದಲ್ಲೇ ಪಕ್ಷಗಾರರನ್ನು ಕೇಳಿ ಮೂರನೆಯವರ ಹಿತಾಸಕ್ತಿ ಇದೆಯೇ ತಿಳಿದುಕೊಳ್ಳಬೇಕು, ಇದ್ದರೆ ಅವಶ್ಯ ಅಥವಾ ಸೂಕ್ತ ಪಕ್ಷಗಾರರನ್ನು ಸೇರಿಸಬೇಕು. ಅಫಿಡವಿಟ್‌ನಲ್ಲಿ ಇದನ್ನು ಹೆಸರು ಹೇಳಿ ಉಲ್ಲೇಖಿಸಿ.

ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮತ್ತು ಕರಾರಿನ ಮೇಲೆ ನಿವೇಶನ ಹಿಡಿದಿರುವವರಿಗೆ ಒಂದು ಮಾತು. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದ ಸುಪ್ರೀಂ ಕೋರ್ಟಿನ ಸೂರಜ್ ಲ್ಯಾಂಪ್ ತೀರ್ಪಿನ (2011) ನಂತರ "ಜಿಪಿಎ ಮೂಲಕ ನಾನೇ ಮಾಲೀಕ" ಎಂದು ಬರೆದರೆ ಎದುರು ವಕೀಲರಿಗೆ ಕೆಲಸ ಸುಲಭ. ನಿಮ್ಮ ಬಲ ಸ್ವಾಧೀನದಲ್ಲಿದೆ, ಅದನ್ನೇ ಮುಂದಿಡಿ.

ಹಂತ 4: ದಾಖಲೆಗಳನ್ನು ಜೋಡಿಸಿ

ಮೊದಲು ಕೋರ್ಟಿನಿಂದ ವಾದಪತ್ರ, ಷೆಡ್ಯೂಲು, ಲಿಖಿತ ಹೇಳಿಕೆ, ಮಧ್ಯಂತರ ಆದೇಶಗಳ ದೃಢೀಕೃತ ನಕಲು. ನೀವು ಹೊರಗಿನವರಾದ್ದರಿಂದ ಯಾಕೆ ಬೇಕು ಎಂದು ಕಾರಣ ಕೊಟ್ಟು, ಅಫಿಡವಿಟ್ ಸಮೇತ ಕೇಳಬೇಕು. ವಾದಪತ್ರವನ್ನೇ ನೋಡದೆ ಬರೆದ ಅರ್ಜಿ ಕತ್ತಲಲ್ಲಿ ಕಲ್ಲು ಹೊಡೆದಂತೆ.

ನಿಮ್ಮ ಕಡೆಯಿಂದ: ಕ್ರಯಪತ್ರ, ಹಿಂದಿನ ಮೂಲಪತ್ರಗಳ ಸರಣಿ, ಖಾತಾ, ತೆರಿಗೆ ರಸೀದಿ, ವಿದ್ಯುತ್ ಬಿಲ್ಲು, ಪಹಣಿ, ಮನೆಯ ಫೋಟೋ. ಪಾಲುದಾರರಾದರೆ ನಾಡಕಚೇರಿಯ ವಂಶವೃಕ್ಷವೂ ಬೇಕು.

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ದಾವೆಯ ಷೆಡ್ಯೂಲಿನ ಚಕ್ಕುಬಂದಿ, ಪಕ್ಕದಲ್ಲಿ ನಿಮ್ಮ ಕ್ರಯಪತ್ರದ ಚಕ್ಕುಬಂದಿ ಬರೆಯಿರಿ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ, ಅಳತೆ, ಹಿಸ್ಸಾ ನಂಬರು. ಎದುರಿನವರ ಮೊದಲ ಆಕ್ಷೇಪಣೆ ಬಹುತೇಕ ಒಂದೇ: "ಅರ್ಜಿದಾರರ ಆಸ್ತಿ ಬೇರೆ, ದಾವೆಯ ಆಸ್ತಿ ಬೇರೆ." ರೆವಿನ್ಯೂ ನಿವೇಶನಗಳಲ್ಲಿ ಇದು ನಿಜವೂ ಆಗಿರುತ್ತದೆ, ಸರ್ವೆ ನಂಬರು ಒಂದೇ, ನೆಲ ಬೇರೆ. ಅನುಮಾನವಿದ್ದರೆ ಅರ್ಜಿಗೆ ಮುಂಚೆ ಸರ್ವೆ ಮಾಡಿಸಿ ನಕ್ಷೆ ಇಟ್ಟುಕೊಳ್ಳಿ. ನಿಮ್ಮ ನಿವೇಶನ ದಾವೆಯ ಹೊರಗಿದೆ ಎಂದು ತಿಳಿದರೆ ಅರ್ಜಿಯೇ ಬೇಕಿಲ್ಲ.

ಹಂತ 5: ಅರ್ಜಿ ಮತ್ತು ಅಫಿಡವಿಟ್ ಬರೆಸಿ

ಅರ್ಜಿ ಅರ್ಧ ಪುಟ ಸಾಕು: ದಾವೆ ಸಂಖ್ಯೆ, ನಿಯಮ 10(2) ಮತ್ತು ಕಲಂ 151ರ ಉಲ್ಲೇಖ, ಯಾವ ಸ್ಥಾನದಲ್ಲಿ ಸೇರಬೇಕು (ಪ್ರತಿವಾದಿ ನಂಬರು ಇಷ್ಟು). ಜೀವ ಇರುವುದು ಅಫಿಡವಿಟ್‌ನಲ್ಲಿ. ಕ್ರಮ ಹೀಗಿರಲಿ: ನಿಮ್ಮ ಹಕ್ಕು ಯಾವ ಪತ್ರದಿಂದ ಬಂತು, ಅದು ಷೆಡ್ಯೂಲಿನ ಯಾವ ಐಟಂ, ದಾವೆಯಲ್ಲಿ ಕೇಳಿರುವ ಪರಿಹಾರ ಕೊಟ್ಟರೆ ಆ ಐಟಂಗೆ ಏನಾಗುತ್ತದೆ, ನಿಮ್ಮನ್ನು ಬಿಟ್ಟರೆ ಯಾವ ಪ್ರಶ್ನೆ ಉತ್ತರವಿಲ್ಲದೆ ಉಳಿಯುತ್ತದೆ, ದಾವೆಯ ವಿಷಯ ಯಾವತ್ತು, ಹೇಗೆ ಗೊತ್ತಾಯಿತು.

ಕೊನೆಯದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ದಾವೆಯ ಯಾವ ಹಂತದಲ್ಲಾದರೂ ಸೇರಿಸಬಹುದು ಎಂದು ನಿಯಮವೇ ಹೇಳುತ್ತದೆ, ನಿಜ. ಆದರೆ ವಾದ ಮುಗಿದು ತೀರ್ಪಿಗೆ ಇಟ್ಟಾಗ ಬಂದವರನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. "ಇತ್ತೀಚೆಗೆ ತಿಳಿಯಿತು" ಎಂದು ಬರೆಯಬೇಡಿ. ದಿನಾಂಕ ಹಾಕಿ, ಯಾರಿಂದ ಎಂದು ಹೇಳಿ.

ಕೆಟ್ಟ ಅಫಿಡವಿಟ್‌ನ ಲಕ್ಷಣ: "ಕಷ್ಟಪಟ್ಟು ದುಡಿದ ಹಣ", "ತುಂಬಲಾರದ ನಷ್ಟ", "ನ್ಯಾಯದ ಹಿತದೃಷ್ಟಿಯಿಂದ" ಇವೇ ಮೂರು ಪುಟ ತುಂಬಿ, ಷೆಡ್ಯೂಲಿನ ಐಟಂ ನಂಬರು ಎಲ್ಲೂ ಇರುವುದಿಲ್ಲ.

ಹಂತ 6: ಸಲ್ಲಿಸಿ, ಆಕ್ಷೇಪಣೆ ಎದುರಿಸಿ

ಕಲ್ಯಾಣ ನಿಧಿಯ ಸ್ಟಾಂಪ್ ಹಚ್ಚಿದ ವಕಾಲತ್ತು, ಅರ್ಜಿ, ಅಫಿಡವಿಟ್, ದಾಖಲೆಗಳ ಪಟ್ಟಿ. ಪ್ರತಿಯೊಬ್ಬ ಪಕ್ಷಗಾರರ ವಕೀಲರಿಗೂ ಒಂದೊಂದು ಪ್ರತಿ ಕೊಟ್ಟು ಸಹಿ ಪಡೆಯಿರಿ. ಒಬ್ಬರಿಗೆ ತಲುಪಿಲ್ಲ ಎಂದರೂ ಒಂದು ವಾಯಿದೆ ಹೋಗುತ್ತದೆ. ವಕೀಲರ ಖರ್ಚಿಗೆ ಕಷ್ಟವಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ನ್ಯಾಯಾಧೀಶರಿಗೆ ಪತ್ರ ಬರೆಯುವುದು, ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು, ಎರಡೂ ಕಡೆಯವರಿಗೆ ಲಾಯರ್ ನೋಟಿಸು ಕಳಿಸುವುದು, ಇವು ಯಾವುವೂ ನಿಮ್ಮನ್ನು ಪಕ್ಷಗಾರರನ್ನಾಗಿ ಮಾಡುವುದಿಲ್ಲ.

ಪ್ರತಿವಾದಿಯ ವಕೀಲರು "ನಮ್ಮದೇನೂ ಆಕ್ಷೇಪಣೆ ಇಲ್ಲ" ಎಂದು ಕೂಡಲೇ ಒಪ್ಪಿದರೆ ಖುಷಿಪಡುವ ಮುಂಚೆ ಯೋಚಿಸಿ. ಪ್ರತಿವಾದಿಯೇ ನಿಮ್ಮನ್ನು ಛೂ ಬಿಟ್ಟಿದ್ದಾನೆ ಎಂದು ವಾದಿ ಹೇಳಲಿದ್ದಾನೆ. ಅದಕ್ಕೆ ನಿಮ್ಮ ಹಕ್ಕು ಪ್ರತಿವಾದಿಯ ನಿಲುವಿಗಿಂತ ಹೇಗೆ ಬೇರೆ ಎಂದು ಹೇಳುವ ಎರಡು ವಾಕ್ಯ ಸಿದ್ಧವಿರಲಿ.

ಹಂತ 7: ಒಪ್ಪಿದರೆ ಮುಂದೇನು, ವಜಾ ಆದರೆ ಮುಂದೇನು

ಒಪ್ಪಿದ ದಿನ ಅರ್ಧ ಕೆಲಸ ಮುಗಿಯಿತು ಅಷ್ಟೇ. ವಾದಿ ವಾದಪತ್ರ ತಿದ್ದಿ ನಿಮ್ಮ ಹೆಸರು ಸೇರಿಸಬೇಕು, ತಿದ್ದಿದ ಪ್ರತಿ ನಿಮಗೆ ಕೊಡಬೇಕು. ಸಮನ್ಸ್ ತಲುಪಿದ 30 ದಿನದಲ್ಲಿ ಲಿಖಿತ ಹೇಳಿಕೆ. ಕಾರಣವಿದ್ದರೆ 90 ದಿನದವರೆಗೆ ವಿಸ್ತರಣೆ. ಸೇರಲು ಎರಡು ವರ್ಷ ಹೋರಾಡಿ ಲಿಖಿತ ಹೇಳಿಕೆಯನ್ನೇ ಹಾಕದೆ ಕೂತವರಿದ್ದಾರೆ! ನಿಮಗೂ ಪರಿಹಾರ ಬೇಕಿದ್ದರೆ ಪ್ರತಿ-ದಾವೆಯನ್ನು ಇದೇ ಅವಧಿಯೊಳಗೆ ಸೇರಿಸಿ. ಪಾಲುದಾರ ಪ್ರತಿವಾದಿ ತನ್ನ ಪಾಲನ್ನೂ ಬೇರೆ ಮಾಡಿಕೊಡಿ ಎಂದು ಕೇಳಿದರೆ ಅದಕ್ಕೆ ಕೋರ್ಟ್ ಶುಲ್ಕ ಕಟ್ಟಬೇಕು.

ಕಾಲಮಿತಿಯ ಒಂದು ಸೂಕ್ಷ್ಮವಿದೆ. ಹೊಸದಾಗಿ ಸೇರಿಸಿದ ಪ್ರತಿವಾದಿಯ ಮಟ್ಟಿಗೆ ದಾವೆ ಹೂಡಿದ್ದು ಅವನನ್ನು ಸೇರಿಸಿದ ದಿನವೇ ಎಂದು ಕಾಲಮಿತಿ ಕಾಯ್ದೆಯ ಕಲಂ 21 ಹೇಳುತ್ತದೆ, ಕೋರ್ಟು ಬೇರೆ ಆದೇಶ ಮಾಡದಿದ್ದರೆ. ನಿಮ್ಮ ವಿರುದ್ಧ ಅವಧಿ ಮೀರಿದೆಯೇ ಎಂದು ವಕೀಲರಿಂದ ಲೆಕ್ಕ ಹಾಕಿಸಿ. ಕೆಲವೊಮ್ಮೆ ದಾವೆ ಅಲ್ಲಿಗೇ ಮುಗಿಯುತ್ತದೆ.

ಆದೇಶ 1, ನಿಯಮ 10(2)ರ ಅರ್ಜಿ ವಜಾ ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಅಲ್ಲಿ ತಡೆಯಾಜ್ಞೆ ಸಿಗದಿದ್ದರೆ ಕೆಳಗೆ ದಾವೆ ಓಡುತ್ತಲೇ ಇರುತ್ತದೆ, ಮರೆಯಬೇಡಿ. ತೀರ್ಪು ಬಂದು ನಿಮಗೆ ನೇರ ಪೆಟ್ಟು ಬಿದ್ದರೆ, ಪಕ್ಷಗಾರರಲ್ಲದಿದ್ದರೂ ಅನುಮತಿ ಕೋರಿ ಮೇಲ್ಮನವಿ ಸಲ್ಲಿಸಬಹುದು. ಸಿಟಿ ಸಿವಿಲ್ ಕೋರ್ಟಿನ ಡಿಕ್ರಿಯಾದರೆ ನೇರ ಹೈಕೋರ್ಟಿಗೆ, 90 ದಿನದೊಳಗೆ.

ಹಂತ 8: ಅಮೀನ ಬಾಗಿಲಿಗೆ ಬಂದರೆ

ಡಿಕ್ರಿಯಾಗಿ ಜಾರಿ ಅರ್ಜಿ ನಡೆದು, ಕೋರ್ಟಿನ ಅಮೀನ ಸ್ವಾಧೀನ ವಾರಂಟ್ ಹಿಡಿದು ಬಂದಾಗಲೇ ವಿಷಯ ತಿಳಿಯುವವರೂ ಇದ್ದಾರೆ. ತಳ್ಳಾಟ ಬೇಡ, ಬೀಗ ಕಿತ್ತು ಹಾಕುವುದೂ ಬೇಡ. ವಾರಂಟಿನ ಫೋಟೋ ತೆಗೆದುಕೊಳ್ಳಿ, ಅದರಲ್ಲಿ ಜಾರಿ ಅರ್ಜಿಯ ಸಂಖ್ಯೆ ಇರುತ್ತದೆ. ನೀವು ಸ್ವತಂತ್ರ ಹಕ್ಕಿನಿಂದ ಇಲ್ಲಿದ್ದೀರಿ, ಡಿಕ್ರಿಯಲ್ಲಿ ಪಕ್ಷಗಾರರಲ್ಲ ಎಂದು ಹೇಳಿ, ಅದನ್ನು ಅಮೀನನ ವರದಿಯಲ್ಲಿ ಬರೆಸಿ.

ಅದೇ ದಿನ ಅಥವಾ ಮರುದಿನ ಜಾರಿ ಕೋರ್ಟಿನಲ್ಲಿ ಆದೇಶ 21, ನಿಯಮ 97ರ ಅಡಿ ಅಡ್ಡಿದಾರರಾಗಿ ಅರ್ಜಿ ಹಾಕಿ, ವಾರಂಟಿಗೆ ತಡೆ ಕೇಳಿ. ಮೊದಲು ಖಾಲಿ ಮಾಡಿ ಆಮೇಲೆ ಬನ್ನಿ ಎನ್ನುವಂತಿಲ್ಲ. ಸ್ವಾಧೀನ ಕಳೆದುಕೊಳ್ಳುವ ಮುಂಚೆಯೇ ನಿಮ್ಮ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ ಬ್ರಹ್ಮದೇವ್ ಚೌಧರಿ ಪ್ರಕರಣದಲ್ಲಿ (1997) ಹೇಳಿದೆ. ನಿಯಮ 101ರ ಪ್ರಕಾರ ಹಕ್ಕಿನ ಪ್ರಶ್ನೆಯೂ ಅಲ್ಲೇ ತೀರ್ಮಾನವಾಗಬೇಕು, ಬೇರೆ ದಾವೆಯಲ್ಲಿ ಅಲ್ಲ. ಆದ್ದರಿಂದ ಎಲ್ಲ ದಾಖಲೆಗಳನ್ನೂ ಅಲ್ಲೇ ಇಡಿ. ಆ ಆದೇಶಕ್ಕೆ ಡಿಕ್ರಿಯಷ್ಟೇ ತೂಕ, ಮೇಲ್ಮನವಿಯೂ ಉಂಟು. ದಾವೆ ನಡೆಯುವಾಗ ತೀರ್ಪಿನ ಸಾಲಗಾರನಿಂದ (ಡಿಕ್ರಿ ಯಾರ ವಿರುದ್ಧ ಆಯಿತೋ ಅವನಿಂದ) ಕೊಂಡವರಿಗೆ ಮಾತ್ರ ನಿಯಮ 102 ಈ ಬಾಗಿಲು ಮುಚ್ಚುತ್ತದೆ. ಹಂತ 2ರಲ್ಲಿ ದಿನಾಂಕ ಹೋಲಿಸಲು ಹೇಳಿದ್ದು ಇದಕ್ಕೂ ಸೇರಿಸಿಯೇ.

ಹಣದ ಡಿಕ್ರಿಗೆ ಬೇರೆಯವರ ಸಾಲಕ್ಕಾಗಿ ನಿಮ್ಮ ಆಸ್ತಿ ಜಪ್ತಿಯಾಗಿದ್ದರೆ ಬೇಕಾದ್ದು ನಿಯಮ 58. ಹರಾಜಿಗೆ ಮುಂಚೆಯೇ ಹಾಕಬೇಕು. ಹರಾಜಾದ ಮೇಲೆ ಆ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ.

ನಿಮ್ಮನ್ನು ಹೊರಹಾಕಿಯೇಬಿಟ್ಟಿದ್ದರೆ ನಿಯಮ 99. ಸ್ವಾಧೀನ ಕಳೆದುಕೊಂಡ ದಿನದಿಂದ 30 ದಿನ, ಅಷ್ಟೇ. ಎಣಿಕೆಯನ್ನು ಆ ದಿನದಿಂದಲೇ ಶುರು ಮಾಡಿ. ರಾಜಿ ಮಾತುಕತೆ ನಡೆಯುತ್ತಿದೆ ಎಂದು ಕಾಯಬೇಡಿ, ಮಾತುಕತೆಗಾಗಿ ಕಾಲಮಿತಿ ನಿಲ್ಲುವುದಿಲ್ಲ.